ಒಂದು ಅಂಕದ ಪ್ರಶ್ನೆ

ಮನೆಗೆ ಬಂದು ಇಂದಿಗೆ 20 ದಿನ. ಹೃದಯದ ಮೇಲಿನ ಕೋಣೆ ಲಯ ತಪ್ಪಿ ಅದುರತೊಡಗಿ ಆಸ್ಪತ್ರೆ ಸೇರಿದ್ದ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಗಂಜಿ ತಂದುಕೊಟ್ಟ ಎದುರುಮನೆಯವರು, ಔಷಧದ ಚೀಟಿ ಹಿಡಿದು ಓಡಾಡಿದ ಅಣ್ಣನ ಮಕ್ಕಳು, ಹೆಂಡತಿಗೆ ಫೋನಿನಲ್ಲಿ ಧೈರ್ಯ ತುಂಬಿದ ಹಳೆಯ ಸಹೋದ್ಯೋಗಿಗಳು, ವೈದ್ಯರು, ದಾದಿಯರು, ಎಲ್ಲರಿಗೂ ಕೈಮುಗಿಯುತ್ತೇನೆ.

ಉಳಿದದ್ದೆಲ್ಲ ನನ್ನ ಷಡ್ಡಕನ ಬಗ್ಗೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಎಂಬುದು ನೆಂಟರಿಗೆ ತಿಳಿದದ್ದೇ. ಎರಡನೆಯ ರಾತ್ರಿ ಅವನೇ ಸ್ಟೂಲ್ ಎಳೆದುಕೊಂಡು ಕುಳಿತ. "ಭಾವ, ಮೇಲಿನ ಕೋಣೆ ಅದುರುತ್ತಿದೆ ಎಂದರಲ್ಲ ಡಾಕ್ಟರು, ಅದರ ಕೆಲಸವೇನು?"

31 ವರ್ಷ ಜೀವಶಾಸ್ತ್ರ ಕಲಿಸಿದವನು ನಾನು. ಆ ಮೇಲಿನ ಕೋಣೆ, ಹೃತ್ಕರ್ಣ, ಎಂದರೆ ಒಂದು ಅಂಕದ ಪ್ರಶ್ನೆ ಎಂದು ಒಂದೇ ಸಾಲಿನಲ್ಲಿ ದಾಟಿಬಿಡುತ್ತಿದ್ದೆ. ಪ್ರೀತಿಯೆಲ್ಲ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳ ಮೇಲೆ, ಅದರಲ್ಲೂ ದಪ್ಪ ಗೋಡೆಯ ಎಡಗಡೆಯದರ ಮೇಲೆ. ಅಂದು ಮೊದಲ ಬಾರಿಗೆ ಬಿಡಿಸಿ ಹೇಳಿದೆ. ಮೈಯೆಲ್ಲ ಸುತ್ತಿದ ರಕ್ತ ಬಲ ಹೃತ್ಕರ್ಣಕ್ಕೆ ಬರುತ್ತದೆ, ಶ್ವಾಸಕೋಶದ ರಕ್ತ ನಾಲ್ಕು ಅಭಿಧಮನಿಗಳಲ್ಲಿ ಎಡದ್ದಕ್ಕೆ. ಕವಾಟ ತೆರೆದೊಡನೆ ಹೆಚ್ಚಿನ ಪಾಲು ತಾನಾಗಿಯೇ ಕೆಳಗಿಳಿಯುತ್ತದೆ. ಕೊನೆಗೆ ಉಳಿದ ಸುಮಾರು ಐದರಲ್ಲೊಂದು ಪಾಲನ್ನು ಹೃತ್ಕರ್ಣ ಹಿಂಡಿ ಇಳಿಸುತ್ತದೆ.

"ಹಾಗಾದರೆ ಇದು ಕೈಕೊಟ್ಟರೂ ಗಾಡಿ ಓಡುತ್ತದೆ" ಎಂದ. ಓಡುತ್ತದೆ, ಏದುಸಿರು ಬಿಡುತ್ತಾ. ಆದರೆ ನಿಮಿಷಕ್ಕೆ 350 ಸಲಕ್ಕೂ ಮೀರಿ ಅದುರುವ ಕೋಣೆ ಹಿಂಡುವುದನ್ನೇ ಮರೆಯುತ್ತದೆ. ಎಡ ಹೃತ್ಕರ್ಣಕ್ಕೆ ಅಂಟಿದ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿದರೆ, ಆ ಹೆಪ್ಪು ಮಿದುಳಿಗೆ...

ಪಾಠ ಅಲ್ಲಿಗೆ ನಿಂತಿತು. ಅಳು ಬಂತು. ಸಾವಿಗಿಂತ ಮಾತು ಹೋಗುವುದೇ ನನಗೆ ಭಯವಾಗಿತ್ತು.

ಅವನು ಸಮಾಧಾನ ಹೇಳಲಿಲ್ಲ. ಅರ್ಧ ಗಂಟೆಗೊಮ್ಮೆ "ಭಾವ, ಎರಡೂ ಕೈ ಎತ್ತಿ. ನಗಿ. ಮನೆಯ ವಿಳಾಸ ಹೇಳಿ" ಎಂದು ಬೆಳಗಿನವರೆಗೂ ಕಾಡಿದ. ಪಾರ್ಶ್ವವಾಯು ಬಡಿದಿದೆಯೇ ಎಂದು ತಿಳಿಯಲು ಏನೇನು ನೋಡಬೇಕೆಂದು ದಾದಿಯನ್ನು ಕೇಳಿಕೊಂಡು ಬಂದಿದ್ದನಂತೆ. ಮೂರು ಗಂಟೆಯ ಹೊತ್ತಿಗೆ ಸಿಟ್ಟು ಬಂದು ಬೈದೆ. "ಮಾತು ಸ್ಪಷ್ಟವಾಗಿದೆ" ಎಂದು ಮತ್ತೆ ಸ್ಟೂಲಿಗೆ ಒರಗಿದ.

ಬೆಳಗಿನ ಇಸಿಜಿಯಲ್ಲಿ ಎತ್ತರದ ಶಿಖರಕ್ಕೂ ಮುಂಚಿನ ಪುಟ್ಟ ಉಬ್ಬು, ಹೃತ್ಕರ್ಣದ ಪಿ ಅಲೆ, ಮರಳಿ ಬಂದಿತ್ತು; ಮೇಲಿನ ಕೋಣೆ ಅದುರುವುದು ಬಿಟ್ಟು ಲಯಕ್ಕೆ ಮರಳಿತ್ತು. ಕಾಗದವನ್ನು ಅವನ ಕೈಗಿತ್ತು ಬೆರಳಿಟ್ಟು ತೋರಿಸಿದೆ. ಕನ್ನಡಕ ಏರಿಸಿ ನೋಡಿದ. "ಇಷ್ಟು ಚಿಕ್ಕದಕ್ಕೋ ರಾತ್ರಿಯೆಲ್ಲ ಕುಳಿತದ್ದು?" ಎಂದವನೇ ಕಾಫಿ ಕುಡಿಯಲು ಹೊರಟ.