ಹೋಟೆಲಿನ ಅಣ್ಣನಿಗೆ, ಎಲ್ಲರ ಎದುರು

ಮೊನ್ನೆ ಗುರುವಾರ ನನ್ನ ಮಗಳು ಪುಟ್ಟಿಯ ಬಲಗೈಯ ಪ್ರೆಷರ್ ಗ್ಲೌಸ್ ತೆಗೆದರು. ಇನ್ನು ಹಾಕೋದು ಬೇಡ ಅಂದರು ಡಾಕ್ಟರ್. ಸುಟ್ಟ ಗಾಯದ ಕಲೆ ಉಬ್ಬದಿರಲಿ ಅಂತ ದಿನಕ್ಕೆ 23 ಗಂಟೆಯಂತೆ 10 ತಿಂಗಳು ಹಾಕಿಕೊಂಡ ಬಿಗಿ ಗ್ಲೌಸ್ ಅದು. ಸ್ನಾನಕ್ಕೆ, ಕೊಬ್ಬರಿ ಎಣ್ಣೆ ತಿಕ್ಕೋದಕ್ಕೆ ಮಾತ್ರ ತೆಗೆಯುತ್ತಿದ್ದೆವು. ಏಪ್ರಿಲ್ ತಿಂಗಳ ಡೊಂಬಿವಲಿಯ ಸೆಖೆಯಲ್ಲೂ ಮಗು ಅದನ್ನು ಹಾಕಿಕೊಂಡೇ ಶಾಲೆಗೆ ಹೋಗಿದೆ. ಎರಡು ಗ್ಲೌಸ್ ಇದ್ದವು. ಒಂದು ಕೈಯಲ್ಲಿದ್ದರೆ ಇನ್ನೊಂದು ಬಾಲ್ಕನಿಯ ಹಗ್ಗದ ಮೇಲೆ ಒಣಗುತ್ತಿತ್ತು. ಗುರುವಾರ ಸಂಜೆ ಮನೆಗೆ ಬಂದಾಗಲೂ ಒಂದು ಅಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆದು ಮಡಿಸಿಟ್ಟೆ. ಆಮೇಲೆ ಇದನ್ನು ಬರೆಯೋಕೆ ಕೂತೆ.

ಆಸ್ಪತ್ರೆಯ ಕತೆ, ಆಪರೇಷನ್ ಕತೆ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಎಷ್ಟೋ ಜನ ನನ್ನ ಜೊತೆ ಆ ಕಾರಿಡಾರಿನಲ್ಲಿ ಕೂತವರೇ. ಅದನ್ನು ಮತ್ತೆ ಹೇಳಲ್ಲ. ಡಾಕ್ಟರಿಗೆ, ಸಿಸ್ಟರ್‌ಗಳಿಗೆ, 108ರ ಡ್ರೈವರಿಗೆ, ಚಪಾತಿ ಹಿಟ್ಟು ನಾದಿಸಿ ನಾದಿಸಿಯೇ ಬೆರಳು ಮಡಚುವಂತೆ ಮಾಡಿದ ಫಿಸಿಯೋಥೆರಪಿ ಮೇಡಂಗೆ, ನೋಟ್ಸ್ ಬರೆದುಕೊಟ್ಟ ಪುಟ್ಟಿಯ ಗೆಳತಿಯರಿಗೆ, ದುಡ್ಡು ಹೊಂದಿಸಿಕೊಟ್ಟ ನಮ್ಮ ಕನ್ನಡ ಸಂಘದವರಿಗೆ, ತಿಂಗಳುಗಟ್ಟಲೆ ಡಬ್ಬಿ ಕಳಿಸಿದ ಎದುರು ಮನೆಯ ಕಾಕೂಗೆ ಕೈ ಮುಗಿಯುತ್ತೇನೆ. ನಿಮ್ಮಲ್ಲಿ ಯಾರ ಋಣವೂ ಚಿಕ್ಕದಲ್ಲ.

ಆದರೆ ಈ ಬರಹ ಒಬ್ಬರಿಗೆ.

ನಮ್ಮ ಬಿಲ್ಡಿಂಗಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ಬಾಣಲೆ ಮುಂದೆ ನಿಲ್ಲುವವರು ಅವರು. ವಡೆ, ಬೋಂಡಾ, ಗೋಳಿಬಜೆ ಎಲ್ಲ ಅವರ ಕೈಯದ್ದು. ಕುಂದಾಪುರದ ಕಡೆಯವರು. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಗಲ್ಲಿಯವರಿಗೆಲ್ಲ ಅವರು ಅಣ್ಣ, ಪುಟ್ಟಿಗೆ ಹೋಟೆಲ್ ಮಾಮ.

ಪುಟ್ಟಿಯ ಕೈ ಸುಟ್ಟ ದಿನ, ಹೋದ ದೀಪಾವಳಿಯ ನೀರು ತುಂಬುವ ಹಬ್ಬ. ಮರುದಿನ ನರಕ ಚತುರ್ದಶಿಯ ಎಣ್ಣೆ ಸ್ನಾನ. ಅತ್ತೆ ಧಾರವಾಡದಿಂದ ಬರುವಾಗ ಹೊತ್ತು ತಂದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣದ ಗೆರೆ ಎಳೆದು, ಚೆಂಡುಹೂ ಕಟ್ಟಿ, ನೀರು ತುಂಬಿ ಪೂಜೆ ಮಾಡಿದ್ದರು. ಎರಡು ಕೊಡ, ಮೂರು ಬಕೆಟ್ ಕೂಡ ತುಂಬಿಟ್ಟಿದ್ದೆವು. ಇವರು ಕೆಲಸದ ಮೇಲೆ ಗುಜರಾತಿಗೆ ಹೋಗಿದ್ದರು. ಪೂಜೆ ಮುಗಿಸಿ ನಾನು, ಪುಟ್ಟಿ ಕಾಂಪೌಂಡಿಗೆ ಇಳಿದೆವು. ಒಂದು ಹೂಕುಂಡ ಹಚ್ಚಿದಳು, ಇಲ್ಲಿಯವರು ಅನಾರ್ ಅಂತಾರಲ್ಲ, ಅದು. ಹತ್ತಲಿಲ್ಲ. ಆಮೇಲೆ ಆಗಿದ್ದು ನಿಮಗೆ ಗೊತ್ತು, ಅದು ಸಿಡಿದು ಅವಳ ಕೈ, ಮುಖ ಸುಟ್ಟಿತು.

ಅಣ್ಣ ಹೆಗಲ ಮೇಲಿನ ಟವೆಲ್ ಬೀಳಿಸಿಕೊಂಡು ಓಡಿ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಹೋಗಿ ಕಾರು ತೊಳೆಯುವ ನಲ್ಲಿಯ ಹತ್ತಿರ ಕೂರಿಸಿದರು. ನೀರು ಬಿಟ್ಟು ಅವಳ ಕೈ ಕೆಳಗೆ ಹಿಡಿದರು. ಹಿಡಿದೇ ಇದ್ದರು.

ಅಷ್ಟರಲ್ಲಿ ಒಬ್ಬರು ಟೂತ್‌ಪೇಸ್ಟ್ ತಂದರು. ಒಬ್ಬರು ಅರಿಶಿನ, ಇನ್ನೊಬ್ಬರು ಫ್ರಿಜ್ಜಿನಿಂದ ಐಸ್ ಟ್ರೇ. ಎಲ್ಲರದ್ದೂ ಒಳ್ಳೆ ಮನಸ್ಸೇ. ಅಣ್ಣ ತಲೆ ಎತ್ತದೆ, "ಎಂತದೂ ಹಚ್ಚುದು ಬೇಡ, ನೀರು ಸಾಕು" ಅಂದರು. 108ಕ್ಕೆ ಫೋನ್ ಮಾಡಿ ಅಂತ ವಾಚ್‌ಮನ್‌ಗೆ ಹೇಳಿದರು. ಪುಟ್ಟಿಯ ಕೈಯಲ್ಲಿ ಹಬ್ಬಕ್ಕೆ ಅಂತ ಹಾಕಿದ್ದ ಆರು ಹಸಿರು ಗಾಜಿನ ಬಳೆ ಇದ್ದವು. ಸೋಪು ಕೇಳಿದರು. ನೀರಿನ ಕೆಳಗೇ ಸೋಪು ಸವರಿ ಒಂದೊಂದೇ ಬಳೆ ಜಾರಿಸಿದರು. ಆರರಲ್ಲಿ ಒಂದೂ ಒಡೆಯಲಿಲ್ಲ. ಒಂದು ಗಂಟೆ ಕಳೆಯೋದರೊಳಗೆ ಮಣಿಕಟ್ಟು ಎಷ್ಟು ಊದಿತ್ತು ಅಂದರೆ, ಆ ಬಳೆ ಅಲ್ಲೇ ಇದ್ದಿದ್ದರೆ ಅಂತ ಈಗಲೂ ಯೋಚನೆ ಬರುತ್ತದೆ.

ನನಗೆ ಅವತ್ತು ಅದೆಲ್ಲ ಕಾಣಲಿಲ್ಲ. ನನಗೆ ಕಂಡಿದ್ದು ಒಂದೇ. ನನ್ನ ಮಗಳು ಕಿರುಚುತ್ತಿದ್ದಾಳೆ, ಈ ಮನುಷ್ಯ ಸುಮ್ನೆ ನೀರು ಬಿಟ್ಟುಕೊಂಡು ಕೂತಿದ್ದಾನೆ. ಆಟೋ ಕರೀರಿ, ಹೊರಡೋಣ ಅಂತ ಕೂಗಿದೆ. "20 ನಿಮಿಷ ಅಕ್ಕಾ, 20 ನಿಮಿಷ" ಅಂದರು. ನಾನು ಅವರ ಕೈ ಹಿಡಿದು ಎಳೆದೆ. ಆಗ ನನ್ನ ಬಾಯಿಂದ ಒಂದು ಮಾತು ಬಂತು. "ವಡೆ ಕರಿಯೋನಿಗೆ ಏನು ಗೊತ್ತು, ಬಿಡು ನನ್ನ ಮಗಳನ್ನ!"

ಇಡೀ ಸೊಸೈಟಿ ಕೇಳಿಸಿಕೊಂಡಿತು. ನನಗಿಂತ ದೊಡ್ಡವರನ್ನು ಏಕವಚನದಲ್ಲಿ ಕರೆದೆ. ಅವರ ಕೆಲಸವನ್ನು ಹಿಡಿದು ಆಡಿದೆ. ಅವರು ಕೈ ಬಿಡಲಿಲ್ಲ. ತಿರುಗಿ ಒಂದು ಮಾತೂ ಆಡಲಿಲ್ಲ.

ಆ ಹೊತ್ತಿಗೆ ನಲ್ಲಿ ಸಣ್ಣಗಾಯಿತು. ಹಬ್ಬದ ದಿನ, ಟ್ಯಾಂಕು ಖಾಲಿ. ಏಳೆಂಟು ನಿಮಿಷ ಆಗಿತ್ತೇನೋ ಅಷ್ಟೇ. ಮೇಲಿನಿಂದ ನಮ್ಮ ಅತ್ತೆ ನೋಡುತ್ತಿದ್ದರು. "ಹಂಡೇದಾಗಿನ ನೀರು ತಗೊಂಡು ಹೋಗ್ರಿ, ಹಬ್ಬ ಆಮ್ಯಾಲೆ" ಅಂದರು. ಪೂಜೆ ಮಾಡಿದ ನೀರನ್ನು ಬೆಳಗಿನ ಸ್ನಾನಕ್ಕೆ ಮೊದಲು ಮುಟ್ಟಲು ಬಿಡದ ಹೆಂಗಸು ತಾವೇ ಚೆಂಡುಹೂ ಕಿತ್ತು ಪಕ್ಕಕ್ಕೆ ಹಾಕಿದರು. ಬಿಲ್ಡಿಂಗಿನ ಹುಡುಗರು ಮೂರು ಮಹಡಿ ಹತ್ತಿ ಇಳಿದು ಕೊಡ, ಬಕೆಟ್ ಹೊತ್ತು ತಂದರು. ಅಣ್ಣ ಚೊಂಬಿನಿಂದ ಸಣ್ಣಗೆ, ಧಾರೆ ಕಡಿಯದಂತೆ ಸುರಿಯುತ್ತಾ ಹೋದರು. ಆ ಮಕ್ಕಳಿಗೂ ಅತ್ತೆಗೂ ಇಲ್ಲೇ ನಮಸ್ಕಾರ ಹೇಳಿಬಿಡುತ್ತೇನೆ.

ಬೆಂಕಿ ಆರಿದ ಮೇಲೂ ಬಿಸಿ ಚರ್ಮದೊಳಗೇ ಕೂತಿರುತ್ತದೆ, ಒಳಗೊಳಗೇ ಬೇಯಿಸುತ್ತಿರುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಹರಿಯುವ ನೀರು ಆ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೇ 20 ನಿಮಿಷ. ಸುಟ್ಟು ಮೂರು ಗಂಟೆಯೊಳಗೆ ಮಾಡಿದರೂ ಪ್ರಯೋಜನ ಇದೆಯಂತೆ. ಐಸ್ ಇಟ್ಟರೆ ರಕ್ತನಾಳ ಮುದುಡಿಕೊಂಡು ಗಾಯ ಇನ್ನೂ ಆಳವಾಗುತ್ತದೆ. ಪೇಸ್ಟ್, ಅರಿಶಿನ ಹಚ್ಚಿದ್ದರೆ ಗಾಯ ಎಷ್ಟು ಆಳ ಅಂತ ನೋಡೋದಕ್ಕೇ ಮೊದಲು ಅದನ್ನು ಉಜ್ಜಿ ತೆಗೆಯಬೇಕಿತ್ತು. ಆ ಉಜ್ಜುವ ನೋವನ್ನು ಯೋಚಿಸಿದರೆ ಮೈ ನಡುಗುತ್ತದೆ. ಐದೂ ಬೆರಳು ಸುಟ್ಟಿದ್ದರೂ ತೊಡೆಯ ಚರ್ಮ ಹಾಕಬೇಕಾಗಿ ಬಂದಿದ್ದು ಎರಡು ಬೆರಳಿಗೆ ಮಾತ್ರ.

20 ನಿಮಿಷ ಆದ ಮೇಲೆ ಅಣ್ಣ ಹೋಟೆಲಿನಿಂದ ಪಾರ್ಸೆಲ್ ಸುತ್ತುವ ತೆಳು ಪ್ಲಾಸ್ಟಿಕ್ ರೋಲ್ ತರಿಸಿದರು. ಮೊದಲ ಎರಡು ಸುತ್ತು ಹರಿದು ಎಸೆದರು, ಅದಕ್ಕೆ ಎಲ್ಲರ ಕೈ ತಾಗಿರುತ್ತದೆ ಅಂತ. ಉಳಿದದ್ದನ್ನು ಬಿಗಿಯಾಗಿ ಸುತ್ತದೆ ಕೈ ಮೇಲೆ ಹಾಸಿದರು. ಬೊಬ್ಬೆ ಎದ್ದಿತ್ತು, ಅದನ್ನು ಮುಟ್ಟಲಿಲ್ಲ. ಬಲಗಣ್ಣಿನ ರೆಪ್ಪೆಗೆ ಗಾಯ ಆಗಿತ್ತು. ಪುಟ್ಟಿ ಉಜ್ಜಿಕೊಳ್ಳೋಕೆ ಹೋದಾಗಲೆಲ್ಲ ಅವಳ ಇನ್ನೊಂದು ಕೈ ಹಿಡಿದುಕೊಂಡರು. ಟೀ ಕೊಡುವ ಪೇಪರ್ ಕಪ್ ಒಂದನ್ನು ಕಣ್ಣಿಗೆ ಒತ್ತದ ಹಾಗೆ ಮೇಲಿಂದ ಮುಚ್ಚಿ ಟೇಪ್ ಹಾಕಿದರು. ಮೈ ತಣ್ಣಗಾಗದಿರಲಿ ಅಂತ ಹೊದಿಕೆ ಹೊದಿಸಿದರು. ಯಾರೋ ಹಾಲು ತಂದರೆ, ಆಪರೇಷನ್ ಮಾಡಬೇಕಾಗಬಹುದು, ಈಗ ಬೇಡ ಅಂದರು. ಆಂಬುಲೆನ್ಸ್ ಬಂದಾಗ ಕೇಳದೆಯೇ ಹತ್ತಿ ಕೂತರು.

ಮೊದಲು ಹೋದ ಕಡೆ ಸುಟ್ಟ ಗಾಯ ನೋಡುವವರು ಇಲ್ಲ ಅಂದರು. ಅಲ್ಲಿಂದ ಮುಂಬೈಯ ದೊಡ್ಡಾಸ್ಪತ್ರೆಗೆ. ಮುಖ, ಕೈ ಸುಟ್ಟಿದ್ದರೆ ಗಾಯ ಎಷ್ಟೇ ಸಣ್ಣದಿರಲಿ ಅಂಥ ಕಡೆಗೇ ಹೋಗಬೇಕು ಅನ್ನೋದು ನನಗೆ ಆಗ ಗೊತ್ತಿರಲಿಲ್ಲ.

ಆ ರಾತ್ರಿಯ ಬಗ್ಗೆ ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಎರಡು ಗಂಟೆ ಹೊತ್ತಿಗೆ ಪುಟ್ಟಿ ಎಚ್ಚರಾದಳು. ಮುಖ ಊದಿ ಎರಡೂ ಕಣ್ಣು ಮುಚ್ಚಿಹೋಗಿದ್ದವು. "ಅಮ್ಮಾ, ಲೈಟ್ ಹಾಕು" ಅಂದಳು. ವಾರ್ಡಿನ ಲೈಟುಗಳೆಲ್ಲ ಉರಿಯುತ್ತಿದ್ದವು. ನನಗೆ ಉತ್ತರ ಕೊಡೋಕೆ ಆಗಲಿಲ್ಲ. ಕಣ್ಣಿನ ಡಾಕ್ಟರ್ ಬೆಳಿಗ್ಗೆ ಬರಬೇಕು. ಬಾಗಿಲ ಹೊರಗೆ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತಿದ್ದ ಅಣ್ಣನಿಗೆ ಅದು ಕೇಳಿಸಿತು. ಸಿಸ್ಟರ್ ಹತ್ತಿರ ಏನೋ ಹೇಳಿದರು. ಸಿಸ್ಟರ್ ಟಾರ್ಚ್ ತಂದು ದೂರದಿಂದ ರೆಪ್ಪೆ ಮೇಲೆ ಬೆಳಕು ಬಿಟ್ಟರು. "ಮಗಾ, ಎಂತ ಕಾಣ್ತದೆ?" ಅಂತ ಅಣ್ಣ ಬಾಗಿಲಿಂದಲೇ ಕೇಳಿದರು. "ಕೆಂಪು" ಅಂದಳು. "ಹಾಂ, ಕಾಣ್ತದಲ್ಲ. ಕಣ್ಣು ವಡೆ ಹಾಗೆ ಊದಿದೆ ಅಷ್ಟೇ. ಇಳಿದ ಮೇಲೆ ತೆರೀತದೆ. ಮಲಗು."

ಅವಳು ಮಲಗಿದಳು. ನಾನು ಮೆಟ್ಟಿಲ ಮೇಲೆ ಹೋಗಿ ಕೂತೆ. ಅಲ್ಲಿ ಅಣ್ಣನಿಗೆ ಹೇಳಿದ್ದನ್ನು ಈಗ ನಿಮಗೆಲ್ಲ ಹೇಳುತ್ತೇನೆ. ಹೂಕುಂಡ ಹತ್ತದೆ ಇದ್ದಾಗ, "ಹತ್ತಿದೆಯಾ ನೋಡು ಪುಟ್ಟಿ" ಅಂದಿದ್ದು ನಾನು. ಅವಳು ದೂರ ನಿಂತಿದ್ದಳು. ನಾನು ಹೇಳಿದೆ ಅಂತ ಬಗ್ಗಿ ನೋಡಿದಳು. ಹತ್ತದ ಪಟಾಕಿಯ ಹತ್ತಿರ ಹೋಗಬಾರದು, ತಾಸು ಬಿಟ್ಟು ದೂರದಿಂದ ನೀರು ಸುರಿಯಬೇಕು ಅಂತ ಚಿಕ್ಕವಳಿದ್ದಾಗ ನನ್ನಪ್ಪ ನನಗೆ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಹೇಳಿದೆ. ಒಂಬತ್ತು ವರ್ಷದ ಮಗುವಿಗೆ.

ಅಣ್ಣ ಸಮಾಧಾನ ಹೇಳಲಿಲ್ಲ. ಅಂಗಿಯ ತೋಳು ಮೇಲೆ ಮಾಡಿ ಮೊಣಕೈ ತೋರಿಸಿದರು. ಚರ್ಮ ಎಳೆದು ಕಟ್ಟಿದ ಹಾಗಿತ್ತು. ಹುಡುಗನಾಗಿದ್ದಾಗ ಎಣ್ಣೆ ಬಿದ್ದದ್ದಂತೆ. ಯಾರೋ ಇಂಕು ಸುರಿದರಂತೆ, ಮೇಲೆ ಮೈದಾ. ವಾರ ಬಿಟ್ಟು ಕೀವಾದ ಮೇಲೆ ಆಸ್ಪತ್ರೆ. "ಆ ಸಿಸ್ಟರಮ್ಮ ಬೈದು ಬೈದು ಕಲಿಸಿದ್ದು ಇದೆಲ್ಲ. ನಮ್ಮ ಹೋಟೆಲಿನ ಹುಡುಗರಿಗೆಲ್ಲ ನಾನು ಹೇಳಿಕೊಡ್ತೇನೆ" ಅಂದರು. ಆಮೇಲೆ ಕೆಳಗಿಳಿದು ಹೋಗಿ ಟೀ ತಂದರು. "ಅಳುದು ಬೆಳಿಗ್ಗೆ ಅಳುವ ಅಕ್ಕಾ. ಈಗ ಇದು ಕುಡೀರಿ."

ಅವರ ಕೈಯಲ್ಲಿ ಆ ಟೀ ಕುಡಿದೆ. ಕೆಲವು ಗಂಟೆ ಮೊದಲು ಅವರಿಗೆ ಏನು ಅಂದಿದ್ದೆ ಅನ್ನೋದು ನೆನಪಿತ್ತು. ಆದರೂ ತಪ್ಪಾಯಿತು ಅನ್ನಲಿಲ್ಲ. ಬೆಳಗಿನ ಮೊದಲ ಲೋಕಲ್ ಹಿಡಿದು ಹೋಗಿ ಅವರು ಬಾಣಲೆ ಮುಂದೆ ನಿಂತರು. ಹಬ್ಬದ ದಿನ ಹೋಟೆಲಿನಲ್ಲಿ ಜನ ಜಾಸ್ತಿ ಅಲ್ವಾ. ಮಧ್ಯಾಹ್ನ ಮತ್ತೆ ಬಂದರು, ಗಂಜಿ ತುಂಬಿದ ಡಬ್ಬಿ ಹಿಡಿದು. ಕಣ್ಣಿನ ಡಾಕ್ಟರ್ ನೋಡಿ, ಗಾಯ ಮೇಲಿನ ಪದರದ್ದು, ಮಾಗುತ್ತದೆ ಅಂದಿದ್ದನ್ನು ನಾನು ಮೊದಲು ಹೇಳಿದ್ದು ಅವರಿಗೇ. ಪುಟ್ಟಿಯ ಅಪ್ಪ ಅಷ್ಟರಲ್ಲಿ ಬಂದು ಪಕ್ಕದಲ್ಲೇ ನಿಂತಿದ್ದರು.

ಈಗ ಗಲ್ಲಿಯ ಅಮ್ಮಂದಿರು, ಸುರ್‌ಸುರ್ ಬತ್ತಿಯಾದರೆ ಪರವಾಗಿಲ್ಲ ಅಲ್ವಾ ಅಂತ ನನ್ನನ್ನು ಕೇಳುತ್ತಾರೆ. ಅದರ ತುದಿಯ ಬಿಸಿ 1000 ಡಿಗ್ರಿ ದಾಟುತ್ತದೆ ಅಂತ ಹೇಳುತ್ತೇನೆ. ಉರಿದ ಕಡ್ಡಿಯನ್ನು ನೀರಿನ ಬಕೆಟ್ಟಿಗೇ ಹಾಕಿ ಅನ್ನುತ್ತೇನೆ. ಈಗ ನನಗೆ ಇದೆಲ್ಲ ಗೊತ್ತು. ಕಲಿಸಿದವರು ಅಣ್ಣ.

ಅಣ್ಣಾ, ಒಂದು ವರ್ಷದಿಂದ ದಿನಾ ನಿಮ್ಮ ಹೋಟೆಲಿನ ಮುಂದೆಯೇ ಸ್ಟೇಷನ್ನಿಗೆ ಹೋಗುತ್ತೇನೆ. ನೀವು ದಿನಾ "ಪುಟ್ಟಿ ಹೇಗಿದ್ದಾಳೆ" ಅಂತ ಕೇಳುತ್ತೀರಿ. ದಿನಾ ಹೇಳಬೇಕು ಅಂದುಕೊಂಡು "ಚೆನ್ನಾಗಿದ್ದಾಳೆ" ಅಂತ ಮಾತ್ರ ಹೇಳಿ ಹೋಗುತ್ತೇನೆ. ನಿಮ್ಮನ್ನು ಎಲ್ಲರ ಎದುರು ಅಂದೆ. ಅದಕ್ಕೆ ಎಲ್ಲರ ಎದುರೇ ಹೇಳುತ್ತಿದ್ದೇನೆ. ತಪ್ಪಾಯಿತು ಅಣ್ಣ. ಕ್ಷಮಿಸಿ. ನಾನು ಎಳೆದಾಗ ನೀವು ಕೈ ಬಿಡಲಿಲ್ಲವಲ್ಲ, ಅದಕ್ಕೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಬರುವ ವಾರ ಮತ್ತೆ ನೀರು ತುಂಬುವ ಹಬ್ಬ. ಅತ್ತೆ ಆಗಲೇ ಹಂಡೆ ತೊಳೆದಿಟ್ಟಿದ್ದಾರೆ. ಮೊದಲ ಕೊಡ ನೀರು ನೀವೇ ಹಾಕಬೇಕು ಅಂತ ಅವರ ಆಸೆ. ಸುಣ್ಣದ ಗೆರೆ ತಾನೇ ಎಳೆಯುತ್ತೇನೆ, ಬಲಗೈಯಲ್ಲೇ, ಅಂತ ಪುಟ್ಟಿ ಹಟ ಹಿಡಿದಿದ್ದಾಳೆ. ನಿಮ್ಮ ಮಾಲೀಕರ ಹತ್ತಿರ ಮಾತಾಡಿದ್ದೇನೆ, ಅವತ್ತು ಸಂಜೆ ಬಾಣಲೆಗೆ ಬೇರೆಯವರನ್ನು ನಿಲ್ಲಿಸುತ್ತಾರಂತೆ. ಆರು ಗಂಟೆಗೆ ಬನ್ನಿ. ಊಟ ಮಾಡಿಕೊಂಡೇ ಹೋಗಬೇಕು.