ಮುಂಬೈಯ ಕೊನೆಯ ಮೂರು ದಿನ ಮತ್ತು ಅಕ್ಕಲಕೋಟೆಯ ಅಕ್ಕ

ಅಪ್ಪನನ್ನು ಕರೆದುಕೊಂಡು ಕಳೆದ ವಾರ ಗೌರಿಬಿದನೂರಿಗೆ ಬಂದು ಸೇರಿದೆವು. ಮುಂಬೈಯಲ್ಲಿ ಅಪ್ಪನ ಚಿಕಿತ್ಸೆ ನಡೆದ ಈ ಆರು ತಿಂಗಳು ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ದುಡ್ಡು ಹೊಂದಿಸಿದ ಅಣ್ಣ ಅತ್ತಿಗೆ, ನಮ್ಮ ಹಸು ಕರೆದು ಡೇರಿಗೆ ಹಾಲು ಹಾಕಿದ ಪಕ್ಕದ ಮನೆಯವರು, ರಕ್ತ ಕೊಟ್ಟ ಮಾಟುಂಗದ ಹುಡುಗರು, ನನ್ನ ತರಗತಿಗಳನ್ನೂ ನೋಡಿಕೊಂಡ ಸಹೋದ್ಯೋಗಿಗಳು, ನಿಮ್ಮೆಲ್ಲರ ಋಣ ದೊಡ್ಡದು. ಒಬ್ಬೊಬ್ಬರ ಮನೆಗೂ ಬಂದು ಹೇಳುತ್ತೇನೆ. ಈ ಬರಹ ಮಾತ್ರ ನೀವ್ಯಾರೂ ನೋಡಿರದ ಒಬ್ಬ ಹೆಂಗಸಿಗೆ.

ನಾವು ಇಳಿದುಕೊಂಡಿದ್ದ ಧರ್ಮಶಾಲೆಯಲ್ಲಿ ಅವರದು ನಮ್ಮ ಪಕ್ಕದ ಮಂಚ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯವರು, ಗಂಡನ ಚಿಕಿತ್ಸೆಗೆ ಬಂದಿದ್ದರು. ನಮ್ಮ ಕನ್ನಡದಲ್ಲಿ ತೆಲುಗು ಬೆರೆತ ಹಾಗೆ ಅವರದರಲ್ಲಿ ಮರಾಠಿ. ಅಪ್ಪನಿಗೆ ಏನೂ ಸೇರದೆ ಹೋದಾಗ ಅವರೇ ದಾದರಿನ ಅಂಗಡಿಯಲ್ಲಿ ‘ನಾಚಣಿ’ ಅಂತ ಕೇಳಿ ರಾಗಿಹಿಟ್ಟು ತಂದು, ಅಂಬಲಿ ಕಾಯಿಸಿ, ಮಜ್ಜಿಗೆ ಬೆರೆಸಿ ಕೊಟ್ಟರು. ಅಲ್ಲಿ ರಾಗಿಗೆ ಹಾಗನ್ನುತ್ತಾರೆ ಅಂತ ಗೊತ್ತಿಲ್ಲದೆ ನಾನು ಒಂದು ತಿಂಗಳು ರಾಗಿಯೇ ಸಿಗುವುದಿಲ್ಲ ಅಂದುಕೊಂಡಿದ್ದೆ.

ಜುಲೈನ ಆ ರಾತ್ರಿ ಮಳೆಗೆ ಹಿಂದ್‌ಮಾತಾ ಹತ್ತಿರ ಮೊಣಕಾಲುದ್ದ ನೀರು. ಯಾವ ಟ್ಯಾಕ್ಸಿಯವರೂ ಬರಲೊಪ್ಪಲಿಲ್ಲ. ಅಪ್ಪನ ಮೈ ಕಾದ ಹೆಂಚಾಗಿತ್ತು. ಅಕ್ಕ ಸೀರೆ ಎತ್ತಿ ಕಟ್ಟಿ ಹೋಗಿ ಎಲ್ಲಿಂದಲೋ ಒಂದು ಹಾತ್‌ಗಾಡಿ ತಂದರು. ಅಪ್ಪನನ್ನು ಅದರ ಮೇಲೆ ಮಲಗಿಸಿ, ಪ್ಲಾಸ್ಟಿಕ್ ಹೊದಿಸಿ, ಇಬ್ಬರೂ ತಳ್ಳಿದೆವು. “ಅಂಜಬ್ಯಾಡ ತಂಗಿ, ನಾ ಅದೀನಲ್ಲ” ಅನ್ನುತ್ತಲೇ ಇದ್ದರು. ವಾರ್ಡಿನ ಹೊರಗೆ ಒದ್ದೆ ಬಟ್ಟೆಯಲ್ಲೇ ಬೆಳಗಿನವರೆಗೂ ಕೂತರು. ಮೂರು ಗಂಟೆಯ ಹೊತ್ತಿಗೆ ನಾನು, ‘ಅಪ್ಪ ಹೋಗಿಬಿಡಲಿ ಅಕ್ಕ, ಈ ನೋವು ನೋಡೋಕಾಗಲ್ಲ’ ಅಂದುಬಿಟ್ಟೆ. ಇದನ್ನು ಅಣ್ಣನಿಗೂ ಹೇಳಿರಲಿಲ್ಲ. ಅಕ್ಕ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಕೂದಲು ಒರೆಸಿದರು. ಅವರ ಗಂಡ ಆ ರಾತ್ರಿ ಧರ್ಮಶಾಲೆಯಲ್ಲಿ ಒಬ್ಬರೇ ಇದ್ದರು ಅನ್ನುವುದು ನನಗೆ ಹೊಳೆದದ್ದು ಬೆಳಕು ಹರಿದ ಮೇಲೆ.

ಡಾಕ್ಟರು ಊರಿಗೆ ಹೋಗಿ ಅಂದ ದಿನ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಸಿಕ್ಕಿದ್ದು ಮೂರು ದಿನ ಬಿಟ್ಟು. ಬಂದಿಳಿದ ದಿನ ಬೋರಿಬಂದರ್ (ಈಗಿನ ಸಿಎಸ್‌ಎಂಟಿ) ಸ್ಟೇಷನ್ನನ್ನು ತಲೆ ಎತ್ತಿಯೂ ನೋಡಿರಲಿಲ್ಲ. ಮೊದಲ ದಿನ ಅದನ್ನೇ ಎದುರು ರಸ್ತೆಯಿಂದ ನೋಡಿದೆವು. ಎರಡನೇ ದಿನ ಗೇಟ್‌ವೇ ಆಫ್ ಇಂಡಿಯಾ. ನಮ್ಮೂರ ಹತ್ತಿರದ ವಿದುರಾಶ್ವತ್ಥಕ್ಕೆ ವರ್ಷವರ್ಷ ಮಕ್ಕಳನ್ನು ಕರೆದೊಯ್ದು, ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಅಲ್ಲಿ ನಡೆದ 1938ರ ಏಪ್ರಿಲ್ 25ರ ಗೋಲಿಬಾರಿನ ಕಥೆ ಹೇಳಿದ ಮೇಷ್ಟ್ರು ನಮ್ಮಪ್ಪ. ಕಮಾನಿನ ಕೆಳಗೆ ನನ್ನ ಭುಜ ಹಿಡಿದು ನಿಂತು, “ಹತ್ತು ವರ್ಷ ಆಗೋದ್ರೊಳಗೆ, 1948ರ ಫೆಬ್ರುವರಿ 28ಕ್ಕೆ, ಬಿಳಿಯರ ಕೊನೇ ಪಡೆ ಹೋಗಿದ್ದು ಇಲ್ಲಿಂದ್ಲೇ ಕಣಮ್ಮ” ಅಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಪಾಠ ಕೇಳಿದೆ.

ಐದು ತಿಂಗಳು ಮುಂಬೈಯಲ್ಲಿದ್ದೂ ಅಕ್ಕ ಸಮುದ್ರ ನೋಡಿರಲಿಲ್ಲ. ಕೊನೆಯ ಸಂಜೆ ಅವರ ಗಂಡನ ಹತ್ತಿರ ಅಪ್ಪ ಕೂತರು, “ನೀವಿಬ್ರೂ ಹೋಗಿಬನ್ನಿ” ಅಂದರು. ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ನರಿಮನ್ ಪಾಯಿಂಟ್‌ವರೆಗೆ ಹೋಗಿ, ಆಮೇಲೆ ಗಿರ್‌ಗಾಂವ್ ಚೌಪಾಟಿಗೆ ಬಂದೆವು. ಅಕ್ಕ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. “ಇಷ್ಟ ನೀರ ಐತಿ! ನಮ್ಮೂರಾಗ ಒಂದ ಕೊಡಪಾನಕ್ಕ ಜಗಳಾಡತೇವ” ಅಂದರು. ಕೈಲಿದ್ದ ಬಾಟಲಿಯ ಕುಡಿಯುವ ನೀರು ಚೆಲ್ಲಿ, ಬಗ್ಗಿ, ಅದಕ್ಕೆ ಸಮುದ್ರದ ನೀರು ತುಂಬಿಕೊಂಡರು: “ನಮ್ಮವರಿಗೆ ತೋರಸ್ತೀನಿ.” ನಾನು ಅಳು ತಡೆಯದೆ ಆ ಕಡೆ ತಿರುಗಿಕೊಂಡೆ.

ರೈಲಿಗೆ ಅಂತ ಅವರು ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಬಿಚ್ಚಿ ಕೂತಾಗ ಕಿಟಕಿಯಾಚೆ ‘ಅಕ್ಕಲಕೋಟ್ ರೋಡ್’ ಬೋರ್ಡು ಹಾದುಹೋಯಿತು. ಅಪ್ಪ ಅರ್ಧ ರೊಟ್ಟಿ ತಿಂದರು.

ಅಕ್ಕಾ, ನಿಮ್ಮ ಮಗ ಇದನ್ನು ನಿಮಗೆ ಓದಿ ಹೇಳುತ್ತಾನೆ ಅಂದುಕೊಂಡಿದ್ದೇನೆ. ರೊಟ್ಟಿ ಕಟ್ಟಿದ್ದ ಬಟ್ಟೆ ಒಗೆದು ಮಡಚಿಟ್ಟಿದ್ದೇನೆ. ಚೆಕಪ್‌ಗೆ ಬರುವಾಗ ಅದರಲ್ಲೇ ನಮ್ಮ ಹೊಲದ ರಾಗಿಹಿಟ್ಟು ಕಟ್ಟಿಕೊಂಡು ತರುತ್ತೇನೆ. ಈ ಸಲ ಅಂಬಲಿ ನಾನು ಕಾಯಿಸುತ್ತೇನೆ, ನೀವು ಕೂತಿರಿ.