ಕೋಚಿಂಗ್ ತರಗತಿಯ ಉಳಿಕೆ ಶುಲ್ಕ ಮರುಪಾವತಿಗಾಗಿ ದೂರು

ಮೈಸೂರು
24 ಅಕ್ಟೋಬರ್ 2025

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಕೇಂದ್ರ ಕಚೇರಿ, ಬೆಂಗಳೂರು

ವಿಷಯ: ನಿಮ್ಮ ಮೈಸೂರು ಶಾಖೆಯ ನೀಟ್ ತರಗತಿಯನ್ನು ಬಿಟ್ಟ ವಿದ್ಯಾರ್ಥಿನಿಯ ಉಳಿಕೆ ಶುಲ್ಕದ ಮರುಪಾವತಿ ಕುರಿತು.

ಮಾನ್ಯರೇ,

ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳನ್ನು ಕಳೆದ ಜೂನ್‌ನಲ್ಲಿ ನಿಮ್ಮ ಮೈಸೂರು ಶಾಖೆಯ ಹತ್ತು ತಿಂಗಳ ನೀಟ್ ತರಗತಿಗೆ ಸೇರಿಸಿ, 90,000 ರೂಪಾಯಿ ಶುಲ್ಕ ಮತ್ತು ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 1,06,200 ರೂಪಾಯಿಯನ್ನು ಒಂದೇ ಕಂತಿನಲ್ಲಿ ಪಾವತಿಸಿದ್ದೇನೆ. ಸಂಜೆ ಐದರಿಂದ ಎಂಟರವರೆಗೆ ಪಾಠ, ಒಂದು ಬ್ಯಾಚಿಗೆ ನಲವತ್ತೇ ಮಕ್ಕಳು, ಭಾನುವಾರ ರಜೆ ಎಂದು ಶಾಖೆಯವರು ಹೇಳಿದ್ದರು. ನಿಮ್ಮ ಪ್ರಚಾರ ಪತ್ರದಲ್ಲೂ ಹಾಗೆಯೇ ಅಚ್ಚಾಗಿದೆ.

ಆಗಸ್ಟ್‌ನಲ್ಲಿ ಎರಡು ಬ್ಯಾಚುಗಳನ್ನು ಒಂದು ಮಾಡಿ, ತರಗತಿಯನ್ನು ಕಟ್ಟಡದ ಸೆಲ್ಲಾರ್‌ಗೆ ಇಳಿಸಲಾಯಿತು. ಕಾರು ನಿಲ್ಲಿಸುವ ಜಾಗಕ್ಕೆ ಪ್ಲೈವುಡ್ ಅಡ್ಡ ಕಟ್ಟಿ ಮಾಡಿದ, ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಆ ಕೊಠಡಿಯ ವಿಸ್ತೀರ್ಣ 56 ಚದರ ಮೀಟರನ್ನೂ ಮುಟ್ಟುವುದಿಲ್ಲ. ಅಲ್ಲಿ ಕೂರುವವರು ತೊಂಬತ್ತು ಮಂದಿ. ಹೊರಬರಲು ಇರುವುದು ಒಂದೇ ಮೆಟ್ಟಿಲು, ಅದರ ಬುಡದಲ್ಲೇ ಮಕ್ಕಳ ಸ್ಕೂಟರುಗಳು ನಿಂತಿರುತ್ತವೆ. 2024ರ ಜುಲೈನಲ್ಲಿ ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತದ್ದು ಈ ವ್ಯವಹಾರದಲ್ಲಿರುವ ನಿಮಗೆ ತಿಳಿಯದ ಸಂಗತಿಯೇನಲ್ಲ.

ಭೌತಶಾಸ್ತ್ರದ ಉಪನ್ಯಾಸಕರು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ಅರ್ಧಕ್ಕೇ ಬಿಟ್ಟು ಬೇರೆ ಸಂಸ್ಥೆಗೆ ಹೋದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬೆಂಗಳೂರಿನಿಂದ ಕಳುಹಿಸಿದ ವಿಡಿಯೊಗಳನ್ನು ಪರದೆಯ ಮೇಲೆ ಓಡಿಸಲಾಯಿತು, ಸಂದೇಹ ಕೇಳಿದವರಿಗೆ ವಾಟ್ಸಾಪ್ ಗುಂಪಿನಲ್ಲಿ ಹಾಕಿ ಎಂಬ ಉತ್ತರ ಸಿಕ್ಕಿತು. ಭಾನುವಾರದ ರಜೆಯನ್ನು ಪರೀಕ್ಷೆಗಳು ನುಂಗಿದವು. ಈ ಕಾರಣಗಳನ್ನೆಲ್ಲ ಬರೆದುಕೊಟ್ಟು, ಸೆಪ್ಟೆಂಬರ್ 30ಕ್ಕೆ ಮಗಳನ್ನು ತರಗತಿಯಿಂದ ಬಿಡಿಸಿದೆ.

ಇದಕ್ಕೆ ಶಾಖಾ ವ್ಯವಸ್ಥಾಪಕರು ಅರ್ಜಿಯ ಹಿಂಬದಿಯನ್ನು ತೋರಿಸಿದರು. ಒಮ್ಮೆ ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗದು ಎಂಬ ಒಂದು ಸಾಲು, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಅಲ್ಲಿದೆ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಕೇಂದ್ರಗಳ ನಿಯಂತ್ರಣ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನಗಳೊಳಗೆ ಹಿಂದಿರುಗಿಸಬೇಕು. ಒಬ್ಬ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ, ವಾರದ ರಜೆ ಇವೂ ಅದರಲ್ಲಿವೆ. ಅದು ದೆಹಲಿಯ ಕಾಗದ, ರಾಜ್ಯ ಸರ್ಕಾರ ಜಾರಿ ಮಾಡುವವರೆಗೆ ನಮಗೆ ತಗಲುವುದಿಲ್ಲ ಎಂದು ವ್ಯವಸ್ಥಾಪಕರು ಹೇಳಿದರು. ಜಾರಿ ರಾಜ್ಯಗಳಿಗೆ ಬಿಟ್ಟ ವಿಷಯ ಎಂಬಷ್ಟರ ಮಟ್ಟಿಗೆ ಅವರ ಮಾತು ಸರಿ. ಆದರೆ ಸರ್ಕಾರದ ಮಾರ್ಗಸೂಚಿಗಳಿಗೆ ಬದ್ಧವಾಗಿರುವ ಸಂಸ್ಥೆ ಎಂದು ಅದೇ ಪ್ರಚಾರ ಪತ್ರದ ಮೊದಲ ಪುಟದಲ್ಲಿ ಮುದ್ರಿಸಿರುವವರು ನೀವೇ. ಅಲ್ಲದೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇಡೀ ದೇಶಕ್ಕೆ ಅನ್ವಯಿಸುತ್ತದೆ. ಕೊಡುತ್ತೇವೆಂದ ಸೇವೆಯನ್ನು ಕೊಡದಿರುವುದು ಅದರಡಿ ಸೇವಾ ನ್ಯೂನತೆ.

ಜಾಹೀರಾತಿನ ವಿಷಯವನ್ನೂ ಇಲ್ಲೇ ಹೇಳಬೇಕು. ನಿಮ್ಮ ಶಾಖೆಯ ಮೇಲಿನ ಫ್ಲೆಕ್ಸ್‌ನಲ್ಲಿ ಬಿಳಿ ಕೋಟು, ಸ್ಟೆತಾಸ್ಕೋಪ್ ತೊಟ್ಟು ನಗುತ್ತಿರುವ ಹುಡುಗಿಯೇ ಅದೇ ರಸ್ತೆಯ ಇನ್ನೊಂದು ಸಂಸ್ಥೆಯ ಫ್ಲೆಕ್ಸ್‌ನಲ್ಲೂ ಅದೇ ನಗುವಿನಲ್ಲಿದ್ದಾಳೆ. ಆಕೆ ನಿಮ್ಮಲ್ಲಿ ಪೂರ್ಣಾವಧಿ ತರಗತಿಗೆ ಬಂದಿದ್ದಳೋ, ಬರೀ ಪರೀಕ್ಷಾ ಸರಣಿ ಬರೆದಿದ್ದಳೋ ಎಂಬುದು ಅಲ್ಲಿಲ್ಲ. ಆಯ್ಕೆಯಾದವರು ಯಾವ ಕೋರ್ಸ್ ಪಡೆದರು, ಎಷ್ಟು ಅವಧಿಗೆ ಎಂಬುದನ್ನು ಮರೆಮಾಚಬಾರದು, ಆಯ್ಕೆಯ ನಂತರ ಅವರ ಲಿಖಿತ ಒಪ್ಪಿಗೆ ಪಡೆಯದೆ ಚಿತ್ರ ಬಳಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ನವೆಂಬರ್ ಮಾರ್ಗಸೂಚಿ ಹೇಳುತ್ತದೆ. ನಾವು ನಿಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ಆ ಫ್ಲೆಕ್ಸ್ ನೋಡಿಯೇ ಆದ್ದರಿಂದ, ಈ ವಿವರವನ್ನು ಲಿಖಿತವಾಗಿ ಕೊಡಿ.

ಹತ್ತು ತಿಂಗಳಲ್ಲಿ ನಾಲ್ಕು ತಿಂಗಳ ಪಾಠ ನಡೆದಿದೆ. ಉಳಿದ ಆರು ತಿಂಗಳಿಗೆ ಬರಬೇಕಾದದ್ದು ತೆರಿಗೆ ಸೇರಿ 63,720 ರೂಪಾಯಿ. ವಿಡಿಯೊದಲ್ಲಿ ಮುಗಿಸಿದ ಪಾಠಗಳಿಗೆ ನಾನು ಕಡಿತ ಕೇಳುತ್ತಿಲ್ಲ. ಈ ಮೊತ್ತವನ್ನು ಪತ್ರ ತಲುಪಿದ ಹದಿನೈದು ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕು. ಆಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಮೈಸೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ಹೋಗುತ್ತೇನೆ. ಸೆಲ್ಲಾರ್ ತರಗತಿಯ ಬಗ್ಗೆ ಮಹಾನಗರ ಪಾಲಿಕೆಗೂ ಅಗ್ನಿಶಾಮಕ ಇಲಾಖೆಗೂ ಇಂದೇ ಪ್ರತ್ಯೇಕವಾಗಿ ಬರೆದಿದ್ದೇನೆ, ಏಕೆಂದರೆ ಅಲ್ಲಿ ಇನ್ನೂ ಮಕ್ಕಳು ಕುಳಿತಿದ್ದಾರೆ.

ಇಂತಿ,
ವಿದ್ಯಾರ್ಥಿನಿಯ ತಂದೆ,
ಕುವೆಂಪುನಗರ, ಮೈಸೂರು

ಲಗತ್ತು: ಶುಲ್ಕದ ರಸೀದಿ, ಪ್ರಚಾರ ಪತ್ರ, ತರಗತಿ ಬಿಟ್ಟ ಪತ್ರದ ಸ್ವೀಕೃತಿ, ಎರಡೂ ಫ್ಲೆಕ್ಸ್‌ಗಳ ಛಾಯಾಚಿತ್ರ.